ಸರಸ್ವತಿ ಆಕು

ನಮ್ಮ ದೊಡ್ಡಪ್ಪನ ಮನೆಯಿಂದ ಯಾರೂ ಹಸಿದು ಬಂದದ್ದಿಲ್ಲ, ಹಸಿರಾಗಿ ಬಂದಿದ್ದಾರೆ! ಕಾಲಿಟ್ಟರೆ ಒಂದೆಲಗದ ಚಟ್ನಿ, ಕೂತರೆ ಒಂದೆಲಗದ ಮಜ್ಜಿಗೆ, ಏಳಲು ಹೊರಟರೆ ಅಶ್ವಗಂಧದ ಹಾಲು. ಟೀ ಕೇಳಿದಿರೋ, ಅರಿಶಿನದ ಮೇಲೆ ಭಾಷಣ! ಮೊಳಕಾಲ್ಮುರಿನಲ್ಲಿ ಜೀವನವಿಡೀ ರೇಷ್ಮೆ ಮಗ್ಗದ ಮುಂದೆ ಕೂತ ಮನುಷ್ಯನಿಗೆ ಈ ಸೊಪ್ಪಿನ ಹುಚ್ಚು ಹೇಗೆ ಹಿಡಿಯಿತು ಅಂತೀರಾ?

ದೊಡ್ಡವ್ವನಿಗೆ ಮರೆವು ಶುರುವಾಗಿತ್ತು. ಚಳ್ಳಕೆರೆಯ ಡಾಕ್ಟರು ಅದನ್ನು ಅಲ್ಜೈಮರ್ ಎಂದರು. ಆ ಹೆಸರು ನೆನಪಿಟ್ಟುಕೊಳ್ಳಲು ದೊಡ್ಡಪ್ಪನಿಗೇ ಒಂದು ವಾರ ಹಿಡಿಯಿತು! ಅಷ್ಟರಲ್ಲಿ, ಒಂದೆಲಗ, ಅಶ್ವಗಂಧದಂಥ ಗಿಡಗಳ ಸಾರ ತೆಗೆದು ವಿಜ್ಞಾನಿಗಳು ಈ ಕಾಯಿಲೆಗೆ ಪರೀಕ್ಷೆ ಮಾಡುತ್ತಿದ್ದಾರೆಂದು ಮೊಬೈಲಿನಲ್ಲಿ ಕೇಳಿ, ಮತ್ತೆ ಡಾಕ್ಟರ ಮುಂದೆ ಹೋಗಿ ನಿಂತ.

"ಅದಿನ್ನೂ ಸಂಶೋಧನೆ ಯಜಮಾನ್ರೇ, ಔಷಧಿ ಅಂತ ಹೇಳೋಕಾಗಲ್ಲ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ" ಅಂದರು ಡಾಕ್ಟರು.

"ಮಾತ್ರೆ ನುಂಗಿಸ್ತೀನಿ ಬಿಡ್ರಿ. ನಿಮ್ದು ಸಂಶೋಧನೆ ಆಗೋವರ್ಗೂ ನಮ್ದು ಚಟ್ನಿ ಆಗ್ಲಿ!"

ರಾಂಪುರದಲ್ಲಿ ಸೊಪ್ಪು ಮಾರುವ ಅಜ್ಜಿ ತೆಲುಗಿನವಳು. ಒಂದೆಲಗಕ್ಕೆ "ಸರಸ್ವತಿ ಆಕು" ಅಂದಳು, ಆದರೆ ಅವಳ ಬುಟ್ಟಿಯಲ್ಲಿ ಅದು ಮುಗಿದಿತ್ತು. ತೆಲುಗಿನಲ್ಲಿ ಆಕು ಎಂದರೆ ಎಲೆ. ಸಾಕ್ಷಾತ್ ಸರಸ್ವತಿಯೇ ಎಲೆಯಾದ ಮೇಲೆ ಮರೆವಿಗೆ ಉಳಿಗಾಲವುಂಟೇ? ದೊಡ್ಡಪ್ಪ ಆ ಹೆಸರನ್ನೇ ಹಿಡಿದುಕೊಂಡ. ಚಳ್ಳಕೆರೆಯಲ್ಲಿ, ಬೇರು-ನಾರಿನಿಂದ ದೇವರ ಪಟದವರೆಗೆ ಎಲ್ಲ ಮಾರುವ ಅಂಗಡಿಗೆ ಹೋಗಿ, "ಒಂದು ಸರಸ್ವತಿ ಆಕು" ಅಂದ. ನಮ್ಮ ಕಡೆ ಬಾಯಲ್ಲಿ "ಹಾಕು" ಕೂಡ "ಆಕು" ಎಂದೇ ಬರುತ್ತದಲ್ಲ! ಅಂಗಡಿಯವನು ಬೆನ್ನು ತಿರುಗಿಸಿ ವೀಣೆ ಹಿಡಿದ ಸರಸ್ವತಿಯ ಪಟ ಇಳಿಸತೊಡಗಿದ.

"ದೊಡ್ಡದು ಬೇಕೇನ್ರಿ, ಸಣ್ಣದಾ?"

"ಯಾವ್ದಾರ ಕೊಡಪ್ಪಾ, ಎಳೇದಿರ್ಲಿ. ಚಟ್ನಿ ಅರೀಬೇಕು!"

ಅಂಗಡಿಯವನು ಪಟವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದನಂತೆ! ಅಂತೂ ಪಟ ಮನೆಗೆ ಬಂತು, ಎಲೆ ಬರಲಿಲ್ಲ.

ಕೊನೆಗೆ ಒಂದೆಲಗದ ಬಳ್ಳಿ ತಂದು ಬಚ್ಚಲ ನೀರು ಹೋಗುವ ಕಡೆ ತಾನೇ ನೆಟ್ಟ. ಸೊಂಪಾಗಿ ಹಬ್ಬಿತು. ಪಕ್ಕದ ಮನೆಯ ಮೇಕೆ ಬಂದು ಅರ್ಧ ಮೇಯ್ದಿತು. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರು! ನಾನು ಕೋಲು ಎತ್ತಿಕೊಂಡರೆ ದೊಡ್ಡಪ್ಪ ಕೈ ಹಿಡಿದ.

"ತಡಿಯಲೇ! ನಿನ್ನೆ ತಿಂದಿದ್ದು ಇವತ್ತು ನೆಪ್ಪೈತೆ ಅದಕ್ಕೆ. ಸೊಪ್ಪು ಕೆಲ್ಸ ಮಾಡ್ತೈತೆ ಕಣಲೇ!"

ಆದರೆ ದೊಡ್ಡವ್ವ ಮೇಕೆಯಲ್ಲವಲ್ಲ. ದಿನಾ ಊಟಕ್ಕೆ ಮುಂಚೆ "ನಾನ್ಯಾರು ಹೇಳು?" ಎಂದು ದೊಡ್ಡಪ್ಪ ಕೇಳುತ್ತಾನೆ. ಈ ಸೊಪ್ಪು-ಸದೆಯ ಸಂಭ್ರಮವೆಲ್ಲ ಆ ಒಂದು ಉತ್ತರಕ್ಕೆ. ಮೊನ್ನೆ ನಾನೂ ಅಲ್ಲಿದ್ದೆ. ದೊಡ್ಡವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಗೊತ್ತಾಗ್ಲಿಲ್ಲ ಕಣಪ್ಪಾ. ಒಳ್ಳೇವ್ನಿದೀಯ, ದಿನಾ ಉಣ್ಣಾಕಿಕ್ತೀಯ. ಚಟ್ನಿ ಪೂರಾ ನಂಗೇ ಬಡಿಸ್ಬ್ಯಾಡ. ನಮ್ಮನೇರು ಬರೋ ಹೊತ್ತಾತು, ಅವ್ರಿಗೂ ಒಂದೀಟು ಎತ್ತಿಡು."

ದೊಡ್ಡಪ್ಪ ಬಟ್ಟಲಿಗೆ ಒಂದಿಷ್ಟು ಚಟ್ನಿ ಎತ್ತಿಟ್ಟ. ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ. ಅಂಗಳದಲ್ಲಿ ಒಂದು ಗಳಿಗೆ ನಿಂತು ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಜೋರಾಗಿ ಕೆಮ್ಮಿ ಒಳಗೆ ಬಂದ.

"ಬಂದೆ ಕಣೇ" ಅಂದ.

"ಇಷ್ಟೊತ್ತು ಎಲ್ಲಿಗೋಗಿದ್ರಿ?" ದೊಡ್ಡವ್ವ ನಗುತ್ತಾ ಬಟ್ಟಲನ್ನು ಅವನ ಮುಂದೆ ಸರಿಸಿದಳು. "ಉಣ್ರಿ."