ನೆಲದಡಿಯ ಕುರ್ಚಿಯ ಕುರಿತು

ಕಥಾಶಿಸ್ತು ವಿಭಾಗ

ಸುತ್ತೋಲೆ ಸಂಖ್ಯೆ: ಕ.ಶಿ.ವಿ/ಅವಳಿ/ಕುರ್ಚಿ/41 (ಹಿಂದಿನ ನಲವತ್ತನ್ನು ಯಾರೂ ಓದಿರುವುದಿಲ್ಲ)

ವಿಷಯ: ಆಟಗಾರರು ಆರಿಸದ ಅವಳಿಯನ್ನು ಅನುಮತಿಯಿಲ್ಲದೆ ಕೂರಿಸಿರುವ ಬಗ್ಗೆ.

ಉಲ್ಲೇಖ: 1. ಪರೀಕ್ಷಕಿಯ ಲಿಖಿತ ಹೇಳಿಕೆ. 2. ಅನಿಮೇಟರ್‌ನ ಮೌಖಿಕ ಹೇಳಿಕೆ (ಬಾಯಲ್ಲಿ ಊಟವಿದ್ದುದರಿಂದ ಅರ್ಧ ಮಾತ್ರ ದಾಖಲಾಗಿದೆ).

ವಿಷಯದ ಸಾಲು ಓದಿ ಸುತ್ತೋಲೆ ಮಡಚಿಡುವ ಸಿಬ್ಬಂದಿ ಇದೊಂದನ್ನಾದರೂ ಕೊನೆಯ ತನಕ ಕೇಳಿಸಿಕೊಳ್ಳಬೇಕೆಂದು ಈ ಮೂಲಕ ಸೂಚಿಸಲಾಗಿದೆ. ಕುರ್ಚಿ ಒಂದೇ. ಆದರೆ ಅದರ ದೆಸೆಯಿಂದ ಒಬ್ಬರ ಕೆಲಸ ಹೋಗುವುದರಲ್ಲಿದೆ.

1. ನಮ್ಮ ವಿಡಿಯೊ ಆಟದಲ್ಲಿ ನಾಯಕರು ಇಬ್ಬರು: ಅವಳಿ ಅಣ್ಣ, ತಂಗಿ. ಆಟಗಾರರು ಮೊದಲ ಪರದೆಯಲ್ಲಿ ಒಬ್ಬರನ್ನು ಆರಿಸತಕ್ಕದ್ದು. ಇನ್ನೊಬ್ಬರನ್ನು ಹದಿನೈದು ನಿಮಿಷದೊಳಗೆ ಕರಿಮೋಡವೊಂದು ಹೊತ್ತೊಯ್ಯತಕ್ಕದ್ದು. ಇವರನ್ನು ಇನ್ನು ಮುಂದೆ ‘ಉಳಿಕೆ ವ್ಯಕ್ತಿ’ ಎಂದು ಕರೆಯಲಾಗುವುದು.

2. ಆರಿಸಲ್ಪಟ್ಟವರು ಉಳಿಕೆ ವ್ಯಕ್ತಿಯನ್ನು ಅರವತ್ತು ಗಂಟೆ ಹುಡುಕತಕ್ಕದ್ದು. ಹುಡುಕಾಟ ಅತಿ ತುರ್ತಿನದಾಗಿರುವುದರಿಂದ ನಡುನಡುವೆ ಮೀನು ಹಿಡಿಯಲು, ಕಂಡವರ ಮನೆಗೆ ನುಗ್ಗಿ ಮಡಕೆ ಒಡೆಯಲು ಹಾಗೂ ಯಾರೋ ಮುದುಕಿಯ ಕಳೆದುಹೋದ ಕೋಳಿ ಹುಡುಕಿಕೊಡಲು ಕಾಲಾವಕಾಶ ನೀಡಲಾಗಿದೆ.

3. ಉಳಿಕೆ ವ್ಯಕ್ತಿ ಕನಸಿನಲ್ಲಿ ಮೂರು ಬಾರಿ, ಬೆನ್ನು ತೋರಿಸಿಕೊಂಡು ಬರತಕ್ಕದ್ದು. ಕೊನೆಯ ದೃಶ್ಯದಲ್ಲಿ ಓಡಿಬಂದು ತಬ್ಬಿಕೊಳ್ಳತಕ್ಕದ್ದು. ‘ಇಷ್ಟು ದಿನ ಎಲ್ಲಿ ಸತ್ತಿದ್ದೆ?’ ಎಂದು ಕೇಳತಕ್ಕದ್ದಲ್ಲ. ಕೇಳಿದರೆ ಕಲಮು 2ರ ಮೀನನ್ನು ತೋರಿಸಬೇಕಾಗುತ್ತದೆ.

4. ಈ ಅರವತ್ತು ಗಂಟೆ ಉಳಿಕೆ ವ್ಯಕ್ತಿಯನ್ನು ಎಲ್ಲಾದರೂ ಇಡಬೇಕಾದ್ದರಿಂದ ಮೊದಲ ಊರಿನ ತಂಗುಮನೆಯ ನೆಲದಡಿ ನಿಲ್ಲಿಸಿಡಲಾಗುತ್ತದೆ. ಆಟಗಾರರಿಗೆ ಅದು ಕಾಣುವುದಿಲ್ಲ. ಕಾಣದ್ದರಿಂದ ಅದು ಇಲ್ಲ.

5. ಪರೀಕ್ಷಕಿಯ ಕೆಲಸ ಆಟದ ಗೋಡೆಗಳಿಗೆ ದಿನವಿಡೀ ಡಿಕ್ಕಿ ಹೊಡೆದು, ಎಲ್ಲಾದರೂ ತೂರಿಹೋಗಲು ಸಂದಿಯಿದೆಯೇ ಎಂದು ನೋಡುವುದು. ಅಣ್ಣನನ್ನು ಆರಿಸಿ ಆಡುತ್ತಿದ್ದ ಒಂದು ಮಂಗಳವಾರ ಅವರು ತಂಗುಮನೆಯ ಮೆಟ್ಟಿಲ ಸಂದಿಯಿಂದ ಕೆಳಗೆ ಬಿದ್ದು, ಕತ್ತಲಲ್ಲಿ ತಂಗಿ ಒಬ್ಬಳೇ ನಿಂತು ಕಣ್ಣು ಮಿಟುಕಿಸುತ್ತಿರುವುದನ್ನು ಕಂಡಿರುತ್ತಾರೆ. ದೋಷವೆಂದು ದಾಖಲಿಸುವುದು ಬಿಟ್ಟು, ಮೇಲಿನ ಅಡುಗೆಮನೆಯಿಂದ ಕುರ್ಚಿಯೊಂದನ್ನು ತಂದಿಟ್ಟಿರುತ್ತಾರೆ.

6. ತಂಗಿಗೆ ಕೂರಲು ಬರುತ್ತಿರಲಿಲ್ಲ. ನಾಯಕಿಯರಿಗೆ ಕತ್ತಿ ಬೀಸುವುದನ್ನಷ್ಟೇ ಕಲಿಸಲಾಗಿದೆ. ಇದನ್ನು ಕಂಡ, ಪಾತ್ರಗಳಿಗೆ ಚಲನೆ ಕೊಡುವ ಅನಿಮೇಟರ್, ‘ಕುರ್ಚಿ ಕೊಟ್ಟೂ ನಿಲ್ಸಿದ್ದೀಯಲ್ಲೇ, ಪಾಪ ಕಟ್ಕೋಬೇಡ, ಕೊಡಿಲ್ಲಿ’ ಎಂದು ಊಟದ ಬಿಡುವಿನಲ್ಲಿ ಕೂರುವುದನ್ನು ಸೇರಿಸಿರುತ್ತಾರೆ. ಏಳುವುದನ್ನು ಆಮೇಲೆ ಮಾಡೋಣವೆಂದು ಕೈ ತೊಳೆಯಲು ಹೋದವರು ಮರೆತಿರುತ್ತಾರೆ.

7. ಪರಿಣಾಮವಾಗಿ, ಆಹ್ವಾನಿತ ಆಟಗಾರರ ಮುಂದೆ ಕೊನೆಯ ದೃಶ್ಯ ತೋರಿಸಿದಾಗ ತಂಗಿ ಕುರ್ಚಿ ಸಮೇತ ಅರಮನೆಯಲ್ಲಿ ಬಂದಿಳಿದಿರುತ್ತಾಳೆ. ಅಣ್ಣ ಓಡಿಹೋಗಿ ಅವಳ ತಲೆಯ ಮೇಲಿನ ಗಾಳಿಯನ್ನು ತಬ್ಬಿಕೊಂಡು ಎರಡು ನಿಮಿಷ ಅತ್ತಿರುತ್ತಾನೆ. ಅವಳು ಏಳಲಿಲ್ಲ. ವಿಭಾಗದ ಮುಖ್ಯಸ್ಥರು ಮುಖ ಮುಚ್ಚಿಕೊಂಡರು. ಆದರೆ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನರ್ಸೊಬ್ಬರು, ‘ಸರಿಯಾಗ್ ಮಾಡಿದ್ಲು ನೋಡು! ಇವ್ನು ಆರಾಮಾಗಿ ಮೀನ್ ಹಿಡ್ಕೊಂಡಿರ್ಲಿ, ಇವ್ಳು ಓಡ್ಬಂದು ತಬ್ಕೋಬೇಕಾ?’ ಎಂದು ಕೂಗಿರುತ್ತಾರೆ. ಹಲವರು ಮೂಗು ಒರೆಸಿಕೊಂಡಿದ್ದು, ಅದಕ್ಕೆ ಪೂರ್ವಾನುಮತಿ ಪಡೆದಿರಲಿಲ್ಲ.

8. ಆದ್ದರಿಂದ ಕೂಡಲೇ ಆದೇಶಿಸಲಾಯಿತು: (ಅ) ಏಳದಿರುವ ಯೋಚನೆ ಮೊದಲಿನಿಂದಲೂ ಈ ವಿಭಾಗದ್ದೇ ಎಂದು ಎಲ್ಲರೂ ನೆನಪಿಸಿಕೊಳ್ಳತಕ್ಕದ್ದು. (ಆ) ಅದಕ್ಕೆ ಕಾರಣವಾದ ಕುರ್ಚಿಯನ್ನು ಪರೀಕ್ಷಕಿ ಶುಕ್ರವಾರದೊಳಗೆ ತೆಗೆಯತಕ್ಕದ್ದು. (ಇ) ಕುರ್ಚಿಯಿಲ್ಲದೆ ಕೂರುವ ವಿಧಾನವನ್ನು ಅನಿಮೇಟರ್ ಕಂಡುಹಿಡಿಯತಕ್ಕದ್ದು. (ಈ) ಪರೀಕ್ಷಕಿ ಕುರ್ಚಿ ತೆಗೆಯದಿದ್ದಲ್ಲಿ ಪರೀಕ್ಷಕಿಯನ್ನು ತೆಗೆಯತಕ್ಕದ್ದು.

9. ಪರೀಕ್ಷಕಿ ತೆಗೆದಿರುವುದಿಲ್ಲ. ಅವರ ಹೇಳಿಕೆ ಯಥಾವತ್ತಾಗಿ: ‘ಸಾರ್, ಈ ಕೆಲಸಕ್ಕೆ ನಾನು, ನಮ್ಮಕ್ಕ ಇಬ್ರೂ ಬಂದಿದ್ವಿ. ಇದ್ದಿದ್ದು ಒಂದೇ ಹುದ್ದೆ. ನನ್ನ ಒಳಗೆ ಕೂರ್ಸಿ ಟೀ ಕೊಟ್ರಿ. ಅವ್ಳು ಹೊರಗೆ ಕಾರಿಡಾರಲ್ಲಿ ಎರಡೂವರೆ ಗಂಟೆ ನಿಂತಿದ್ಲು. ನಾನು ಆಚೆ ಬಂದ ತಕ್ಷಣ ನಗ್ತಾ ಓಡ್ಬಂದು ತಬ್ಕೊಂಡ್ಲು. ಕಾಲು ನೋಯ್ತಿದ್ಯಾ ಅಂತ ನಾನೂ ಕೇಳ್ಲಿಲ್ಲ.’ ಹೇಳಿಕೆ ವಿಷಯಕ್ಕೆ ಸಂಬಂಧಿಸಿಲ್ಲವೆಂದು ತಿರಸ್ಕರಿಸಲಾಗಿದೆ.

10. ಸಂಬಂಧವಿಲ್ಲದ ಇನ್ನೊಂದು ವಿಷಯ. ಸಂದರ್ಶನ ಕೋಣೆಯ ಹೊರಗೆ, ಕಾರಿಡಾರಿನಲ್ಲಿ, ಇಂದಿನಿಂದ ಒಂದು ಕುರ್ಚಿ ಇರತಕ್ಕದ್ದು. ಹೊಸದು ಬರಲು ಮೂರು ವಾರವಾಗುವುದರಿಂದ ಮುಖ್ಯಸ್ಥರು ತಮ್ಮದನ್ನೇ ಬೆಳಿಗ್ಗೆ ತಳ್ಳಿಕೊಂಡು ಬಂದಿರುತ್ತಾರೆ. ಆ ಕುರ್ಚಿಗೂ ಈ ಕುರ್ಚಿಗೂ ಸಂಬಂಧ ಕಲ್ಪಿಸುವವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗುವುದು. ತಳ್ಳುವಾಗ, ಪರೀಕ್ಷಕಿಯನ್ನು ತೆಗೆಯುವ ಕಡತ ಮುಖ್ಯಸ್ಥರ ಕುರ್ಚಿಯ ಮೇಲೆಯೇ ಉಳಿದಿತ್ತು.

11. ಹನ್ನೊಂದು ಗಂಟೆಗೆ, ಹೊಸದಾಗಿ ಮಂಜೂರಾದ ಇನ್ನೊಂದು ಹುದ್ದೆಯ ಸಂದರ್ಶನಕ್ಕೆ ಬಂದ ಪರೀಕ್ಷಕಿಯ ಅಕ್ಕ, ಕಡತ ಗಮನಿಸದೆ ಅದರ ಮೇಲೆಯೇ ಕುಳಿತಿರುತ್ತಾರೆ. ಮುಖ್ಯಸ್ಥರು ಬಾಗಿಲು ತೆರೆದು ಕರೆದಾಗ ಎದ್ದಿರುವುದಿಲ್ಲ. ‘ಇರಿ ಸಾರ್, ಹೋದ್ಸಲದ್ದೂ ಸೇರ್ಸಿ ಸ್ವಲ್ಪ ಕೂತ್ಕೋತೀನಿ’ ಎಂದಿರುತ್ತಾರೆ. ಇಂಥ ಸಂದರ್ಭಕ್ಕೆ ನಿಯಮಾವಳಿಯಲ್ಲಿ ಕಲಮು ಇರುವುದಿಲ್ಲ. ಅವರು ಏಳುವವರೆಗೆ ಕಡತ ಸಿಗುವುದಿಲ್ಲ. ಕಡತ ಸಿಗುವವರೆಗೆ ಪರೀಕ್ಷಕಿ ಕೆಲಸದಲ್ಲಿಯೂ ನೆಲದಡಿಯ ಕುರ್ಚಿ ನೆಲದಡಿಯಲ್ಲಿಯೂ ಮುಂದುವರಿಯತಕ್ಕದ್ದು.

ಸಹಿ/- (ಬಾಗಿಲಲ್ಲಿ ನಿಂತು)
ಮುಖ್ಯಸ್ಥರು
ಕಥಾಶಿಸ್ತು ವಿಭಾಗ

ಪ್ರತಿಗಳು:
1. ಅನಿಮೇಟರ್‌ಗೆ: ಏಳುವುದನ್ನು ಮಾಡಲು ಆತುರವಿಲ್ಲ.
2. ಕರಿಮೋಡಕ್ಕೆ, ಮಾಹಿತಿಗಾಗಿ.
3. ಮುದುಕಿಯ ಕೋಳಿಗೆ, ಸಿಕ್ಕಿದಲ್ಲಿ.
4. ನೆಲದಡಿಯ ತಂಗಿಗೆ: ಕುಳಿತೇ ಓದಿಕೊಳ್ಳಬಹುದು.
5. ಉಳಿದೆಲ್ಲ ವಿಭಾಗಗಳ ಮುಖ್ಯಸ್ಥರಿಗೆ, ಮೂರು ಪ್ರತಿಗಳಲ್ಲಿ ಉತ್ತರಿಸಲು: ಈ ಬಾಗಿಲಲ್ಲಿ ನೀವು ನಿಂತಿದ್ದರೆ ಏನು ಮಾಡುತ್ತಿದ್ದಿರಿ?