ಹಾಲೆಂಡಿನಲ್ಲಿ ಚಪ್ಪಲಿ ಬಿಟ್ಟ ಮನೆ

ಮಕ್ಕಳಿಗೆ ಇತಿಹಾಸದ ರುಚಿ ಹತ್ತಿಸಬಹುದೆಂದು ನಂಬಿರುವ ಅಪ್ಪಂದಿರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ಯಾಕೆಂದರೆ ನಾನೂ ಅವರಲ್ಲೊಬ್ಬ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ನಮ್ಮ ಮನೆಗೆ ಯಾವ ನೆಂಟರು ಬಂದರೂ ಕಾಫಿ ಲೋಟ ಕೆಳಗಿಡುತ್ತಿದ್ದಂತೆ ಕೇಳುತ್ತಿದ್ದ ಮೊದಲ ಪ್ರಶ್ನೆ, "ಅರಮನೆ ಎಷ್ಟು ಹೊತ್ತಿಗೆ ತೆಗೀತಾರೆ?" ಅವರನ್ನು ಕರೆದುಕೊಂಡು ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ವಿವರಿಸುವ ಕೆಲಸ ನನ್ನದು. ಹೀಗೆ ಒಂದೇ ಅರಮನೆಯನ್ನು ನೋಡೀ ನೋಡೀ, ಹಳೆಯ ಕಟ್ಟಡ ಕಂಡರೆ ಕಾಲು ತಾನಾಗಿ ಅತ್ತ ತಿರುಗುವ ರೋಗ ನನಗೆ ಅಂಟಿಕೊಂಡಿತು. ಈಗ ನಾವಿರುವುದು ಲಂಡನ್ನಿನ ವೆಂಬ್ಲಿಯ ಹೊಸ ಫ್ಲಾಟಿನಲ್ಲಿ. ಇಡೀ ಕಟ್ಟಡದಲ್ಲಿ ನನಗಿಂತ ಹಳೆಯದು ಏನೂ ಇಲ್ಲದ ಕಾರಣ ರೋಗ ಇನ್ನಷ್ಟು ಉಲ್ಬಣಿಸಿದೆ.

ಇದಕ್ಕೆ ನಾನು ಕಂಡುಕೊಂಡ ಔಷಧ ಹಾಲೆಂಡ್. ಹಾರ್ವಿಚ್ ಬಂದರಿನಲ್ಲಿ ಕಾರಿನ ಸಮೇತ ರಾತ್ರಿಯ ಹಡಗು ಹತ್ತಿ ಮಲಗಿದರೆ ಬೆಳಗಾಗುವುದು ಆ ದೇಶದಲ್ಲಿ. ಹಗಲೆಲ್ಲ ಒಂದು ಪುರಾತನ ಊರು ನೋಡಿ, ಮತ್ತೆ ಹಡಗು ಹತ್ತಿ ವಾಪಸು ಬರಬಹುದು. ಶಾಲೆಗೆ ರಜೆ ಬಂದಾಗಲೆಲ್ಲ ನಾವು ಹೋಗುವುದು ಹೀಗೆಯೇ. ಡೆಲ್ಫ್ಟ್‌ನಲ್ಲಿ ಒಂದು ಕಡೆಗೆ ವಾಲಿಕೊಂಡ ಚರ್ಚಿನ ಗೋಪುರ ತೋರಿಸಿದೆ. ಏಳು ವರ್ಷದ ನಿಹಾರ್ ಅದರ ಬುಡದಲ್ಲಿ ಕೂತ ಪಾರಿವಾಳವನ್ನು ಓಡಿಸಿಕೊಂಡು ಹೋದ. ಲೈಡನ್‌ನಲ್ಲಿ ಕಾಲುವೆ ಪಕ್ಕದ ಮನೆಗಳ ವಯಸ್ಸು ಹೇಳುತ್ತಾ ಗಂಟಲು ಒಣಗಿಸಿಕೊಂಡೆ. ಹತ್ತು ವರ್ಷದ ಅನ್ವಿ ನಿಟ್ಟುಸಿರು ಬಿಟ್ಟು, "ಅಪ್ಪಾ, ಇಟ್ಸ್ ಜಸ್ಟ್ ಓಲ್ಡ್" ಅಂದಳು. ನಾನು ಕನ್ನಡದಲ್ಲಿ ಎಷ್ಟು ಉದ್ದ ವಿವರಿಸಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ, ಅದೂ ಇಷ್ಟೇ ಚಿಕ್ಕದಾಗಿ ಬರುತ್ತದೆ.

ಇದರ ನಡುವೆ ಎಜ್‌ವೇರ್‌ನಲ್ಲಿರುವ ನಮ್ಮ ಸ್ನೇಹಿತರ ಸಂಸಾರ ಸ್ಪೇನಿಗೆ ಹೋಗಿ ಬಂದಿತು. ಅವರು ಉಳಿದುಕೊಂಡ ಹೋಟೆಲಿನಲ್ಲಿ ಈಜುಕೊಳ, ಅದಕ್ಕೆ ಸುರುಳಿ ಸುರುಳಿ ಜಾರುಬಂಡೆ, ದಿನವಿಡೀ ಐಸ್‌ಕ್ರೀಮ್. ಅಲ್ಲಿ ಸಿಗುವ ಅತ್ಯಂತ ಪ್ರಾಚೀನ ವಸ್ತುವೆಂದರೆ ಬಹುಶಃ ಬೆಳಗಿನ ಬ್ರೆಡ್ಡು. ನನ್ನ ಮಕ್ಕಳು ಆ ಫೋಟೋಗಳನ್ನು ನೋಡಿದ ದಿನದಿಂದ ನನ್ನ ಗದ್ದುಗೆ ಅಲುಗಾಡತೊಡಗಿತು. ಕೊನೆಗೆ ಧಾರವಾಡದವಳಾದ ನನ್ನ ಹೆಂಡತಿ ಗಿರಿಜಾ ತೀರ್ಪು ಕೊಟ್ಟಳು. "ನೋಡ್ರಿ, ಈ ಏಪ್ರಿಲ್ ಟ್ರಿಪ್ಪ ಕಡೀದು. ಹುಡುಗ್ರಿಗೆ ಸೇರಿದ್ರ ಸರಿ. ಸೇರಲಿಲ್ಲಂದ್ರ ಇನ್ನ ಮ್ಯಾಲೆ ಎಲ್ಲಿ ಹೋಗೂದು ಅಂತ ಅವ್ರ ಹೇಳ್ತಾರ. ನೀವು ಸುಮ್ನ ಬ್ಯಾಗ್ ಹೊರೂದು." ನಾನು ಒಪ್ಪಿಕೊಂಡೆ, ಬೇರೆ ದಾರಿ ಇರಲಿಲ್ಲ.

ಈ ಸಲ ಪಟ್ಟಣ ಬೇಡ, ಹಳ್ಳಿಗೆ ಹೋಗೋಣ ಎಂದು ಒಂದು ಊರು ಆರಿಸಿದೆ. ಹಸಿರು ಬಣ್ಣದ ಮರದ ಮನೆಗಳು, ಸುತ್ತ ನೀರು, ಬೆಸ್ತರ ಹಳೆಯ ಮನೆಯೊಂದನ್ನು ಇದ್ದ ಹಾಗೇ ಉಳಿಸಿಕೊಂಡ ಪುಟ್ಟ ಮ್ಯೂಸಿಯಮ್. ಆ ದಿನ ಬೀಸಿದ ಗಾಳಿಯನ್ನು ನೆನೆದರೆ ಈಗಲೂ ಕಿವಿ ನೋಯುತ್ತದೆ. ಹಾಲು ಮೊಸರು ಅಲ್ಲಿಗೆ ಒಯ್ಯುವಂತಿಲ್ಲವೆಂದು ಮೊಸರನ್ನ ಬಿಟ್ಟು ಬರೀ ಪುಳಿಯೋಗರೆ ತಂದಿದ್ದೆವು. ಅದನ್ನು ಕಾರಿನೊಳಗೆ ಕೂತು ತಿಂದದ್ದಾಯಿತು. ನಿಹಾರನ ಟೋಪಿ ಕಾಲುವೆ ಪಾಲಾಯಿತು. ನನ್ನ ಫೋನು ಒಂದು ಬೇಲಿಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಹೇಳಿ ಪ್ರಾಣ ಬಿಟ್ಟಿತು. "ಕ್ಯಾನ್ ವಿ ವೋಟ್ ನೌ?" ಎಂದಳು ಅನ್ವಿ.

ಆಗ ಕಂಡಿತು ಆ ಮನೆ. ಬಾಗಿಲು ತೆರೆದಿತ್ತು. ಹೊಸ್ತಿಲ ಪಕ್ಕದಲ್ಲಿ ಆ ದೇಶದ ದಪ್ಪನೆಯ ಮರದ ಪಾದರಕ್ಷೆಗಳು ಸಾಲಾಗಿ ಇದ್ದವು. ಬಾಗಿಲಲ್ಲಿ ಚಪ್ಪಲಿಯ ಸಾಲು ಕಂಡ ಮೇಲೆ ನಮ್ಮವರಿಗೆ ಇನ್ನಾವ ಬೋರ್ಡೂ ಬೇಕಾಗುವುದಿಲ್ಲ. ಮದುವೆ ಮನೆಯೋ, ಮಠವೋ, ಡಾಕ್ಟರ ಶಾಪೋ, ಬಿಟ್ಟು ಒಳಗೆ ಹೋಗಬೇಕು ಅಷ್ಟೇ. "ಇದೇ! ಎಲ್ಲರೂ ಶೂ ಬಿಚ್ಚಿ. ಟಿಕೆಟ್ ಒಳಗೆ ಕೊಡ್ತಾರೆ" ಎಂದೆ. ನಾಲ್ವರೂ ನಮ್ಮ ಶೂಗಳನ್ನು ಆ ಸಾಲಿಗೆ ಸೇರಿಸಿ ಸಾಕ್ಸಿನಲ್ಲಿ ಒಳಗೆ ಹೋದೆವು.

ಒಳಗೆ ಸ್ವರ್ಗ. ಗೋಡೆಗೆ ನೀಲಿ ಬಿಲ್ಲೆಗಳು, ಹಿತ್ತಾಳೆ ಪಾತ್ರೆಗಳು, ಗೋಡೆಯೊಳಗೆ ಬೀರುವಿನಂತೆ ಬಾಗಿಲಿರುವ ಹಾಸಿಗೆ. ನಾನು ಕೈ ಹಿಂದೆ ಕಟ್ಟಿಕೊಂಡು ಶುರು ಮಾಡಿದೆ. "ಏನ್ರಿ, ಒಲಿ ಮ್ಯಾಲೆ ಸೂಪ್ ಕುದೀಲಿಕತ್ತದ" ಎಂದಳು ಗಿರಿಜಾ. "ವಾತಾವರಣ ಇರ್ಲಿ ಅಂತ ಇಟ್ಟಿರ್ತಾರೆ" ಎಂದೆ. ಕಿಟಕಿಯ ಬಳಿ ಕುರ್ಚಿಯಲ್ಲಿ ಒಬ್ಬ ಮುದುಕನ ಮೇಣದ ಬೊಂಬೆ ಕೂತಿತ್ತು. ಬಾಯಿ ಅರೆ ತೆರೆದು, ಗಲ್ಲ ಎದೆಗೆ ಇಳಿದು, ನಿಜಕ್ಕೂ ನಿದ್ದೆ ಹೋದಂತೆಯೇ ಇತ್ತು. "ಎಷ್ಟು ಶ್ರದ್ಧೆಯಿಂದ ಮಾಡಿದಾರೆ ನೋಡಿ, ಕಿವಿಯ ಕೂದಲನ್ನೂ ಬಿಟ್ಟಿಲ್ಲ!" ಎಂದೆ. ನಿಹಾರ್ ಹತ್ತಿರ ಹೋಗಿ ಅದರ ಮೂಗನ್ನು ಒತ್ತಿದ. ಬೊಂಬೆ ಸೀನಿತು.

"ಅಯ್ಯ ಶಿವನೇ, ಇದು ಮಂದಿ ಮನಿ ಅದ ರೀ!" ಎಂದು ಗಿರಿಜಾ ಚೀರಿದ್ದಕ್ಕೂ, ಹಿತ್ತಲ ಬಾಗಿಲಿನಿಂದ ಒಬ್ಬ ಅಜ್ಜಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದದ್ದಕ್ಕೂ ಸರಿಹೋಯಿತು. ಆಕೆ ನಮ್ಮನ್ನು ನೋಡಿದರು, ನಮ್ಮ ಸಾಕ್ಸುಗಳನ್ನು ನೋಡಿದರು, ಆಮೇಲೆ ಹೊಸ್ತಿಲಾಚೆಯ ಶೂಗಳನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು: "ಮ್ಯೂಸಿಯಮ್ ಪಕ್ಕದ ಮನೆ. ಕಿಟಕಿಯಲ್ಲಿ ಇಣುಕುವವರು ದಿನವೂ ಇರುತ್ತಾರೆ, ಕೆಲವರು ಒಳಗೂ ನುಗ್ಗುತ್ತಾರೆ. ಆದರೆ ಶೂ ಬಿಚ್ಚಿಟ್ಟು ನುಗ್ಗಿದವರು ನೀವೇ ಮೊದಲು." ಹೇಳಿ ನಗತೊಡಗಿದರು. ಮೂಗು ಒರೆಸಿಕೊಳ್ಳುತ್ತಿದ್ದ ಅಜ್ಜನೂ ನಕ್ಕರು.

ಆಮೇಲೆ ನಡೆದದ್ದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕಾಫಿ ಬಂತು, ತಲೆಗೊಂದು ಬಿಸ್ಕತ್ತು ಬಂತು, ಡಬ್ಬಿಯ ಮುಚ್ಚಳ ತಕ್ಷಣ ಮುಚ್ಚಿಕೊಂಡಿತು. ಆದರೂ ನನ್ನ ಮಕ್ಕಳು ಅಲ್ಲಿಂದ ಕದಲಲಿಲ್ಲ. ಅಜ್ಜನ ಮರದ ಪಾದರಕ್ಷೆ ಹಾಕಿಕೊಂಡು ನಿಹಾರ್ ಹಿತ್ತಲೆಲ್ಲ ಟಕಟಕ ಓಡಾಡಿದ. ಅನ್ವಿ ಗೋಡೆಯ ಹಾಸಿಗೆಯೊಳಗೆ ಮಲಗಿ ಬಾಗಿಲು ಹಾಕಿಕೊಂಡು, ಅಲ್ಲಿಂದಲೇ ಅಜ್ಜಿಗೆ ಪ್ರಶ್ನೆಗಳ ಮಳೆ ಸುರಿಸಿದಳು. ಇಲ್ಲಿ ಯಾರು ಮಲಗ್ತಿದ್ರು? ಎಷ್ಟು ಜನ? ಕಾಲು ಚಾಚೋಕೆ ಆಗ್ತಿತ್ತಾ? ಇಷ್ಟು ವರ್ಷಗಳಲ್ಲಿ ನನ್ನನ್ನು ಒಂದೂ ಪ್ರಶ್ನೆ ಕೇಳದ ಹುಡುಗಿ! ಹೊರಟು ಪಕ್ಕದ ಮನೆಗೆ ಹೋಗುವಷ್ಟರಲ್ಲಿ ಮ್ಯೂಸಿಯಮ್ ಮುಚ್ಚಿತ್ತು. ಅದರ ಬೀಗವನ್ನು ಮಾತ್ರ ನಾನು ಚೆನ್ನಾಗಿ ನೋಡಿದೆ.

ಅಜ್ಜ, ಅಜ್ಜಿಯನ್ನು ಬೀಳ್ಕೊಳ್ಳುವಾಗ ನಾನು ಮತ್ತೊಂದು ಎಡವಟ್ಟು ಮಾಡಿದ್ದೆ. "ಲಂಡನ್ನಿಗೆ ಬಂದಾಗ ನಮ್ಮ ಮನೆಗೆ ಬರಲೇಬೇಕು" ಎಂದುಬಿಟ್ಟೆ. ನಮ್ಮಲ್ಲಿ ಇದು ಹೊರಡುವಾಗ ಆಡುವ ಮಾತು. ಹೇಳಿದವರೂ ಕೇಳಿದವರೂ ಮೆಟ್ಟಿಲು ಇಳಿಯುವುದರೊಳಗೆ ಮರೆಯಬೇಕು. ಆದರೆ ಅಜ್ಜ ಜೇಬಿನಿಂದ ಡೈರಿ ತೆಗೆದರು. ಅವರ ಮಗಳು ನಮ್ಮ ಮನೆಗೆ ಹತ್ತಿರದ ಅಕ್ಸ್‌ಬ್ರಿಡ್ಜ್‌ನಲ್ಲಿದ್ದಾಳಂತೆ, ಮೇ ತಿಂಗಳಲ್ಲಿ ಅವಳಲ್ಲಿಗೆ ಬರುತ್ತಾರಂತೆ. "ಯಾವ ದಿನ? ಎಷ್ಟು ಗಂಟೆಗೆ?" ಎಂದು ಪೆನ್ನು ಹಿಡಿದು ನಿಂತರು. ಬಾಯಿಗೆ ಬಂದ ಒಂದು ಭಾನುವಾರ, ಹನ್ನೊಂದು ಗಂಟೆ ಎಂದೆ. ಅವರು ವಿಳಾಸವನ್ನೂ ಕೇಳಿ ಬರೆದುಕೊಂಡರು. ಕಾರಿನಲ್ಲಿ ಮಕ್ಕಳು, "ಬೆಸ್ಟ್ ಮ್ಯೂಸಿಯಮ್ ಎವರ್! ಮುಂದಿನ ಸಲಾನೂ ಇಲ್ಲಿಗೇ" ಎಂದು ಒಕ್ಕೊರಲಿನಿಂದ ತೀರ್ಮಾನಿಸಿದರು. ನನ್ನ ಗದ್ದುಗೆ ಉಳಿಯಿತು, ಆದರೆ ಅದಕ್ಕೆ ನಾನು ಏನೂ ಮಾಡಿರಲಿಲ್ಲ.

ಮೇ ತಿಂಗಳ ಆ ಭಾನುವಾರ ನನ್ನ ನೆನಪಿನಲ್ಲೇ ಇರಲಿಲ್ಲ. ಗಿರಿಜಾ ಈಲಿಂಗ್ ರೋಡಿಗೆ ಸೊಪ್ಪು ತರಲು ಹೋಗಿದ್ದಳು. ನಾನು ಇಡ್ಲಿ ತಿಂದು, ಲುಂಗಿ ಉಟ್ಟು ಸೋಫಾದಲ್ಲಿ ಒರಗಿದ್ದವನು ಹಾಗೇ ನಿದ್ದೆ ಹೋದೆ. ಪಿಸುಮಾತು ಕೇಳಿ ಅರೆಗಣ್ಣು ಬಿಟ್ಟರೆ, ಬಾಗಿಲ ಬಳಿ ನಮ್ಮ ಚಪ್ಪಲಿಗಳ ಪಕ್ಕದಲ್ಲಿ ಎರಡು ಜೊತೆ ಹೊಸ ಶೂಗಳು ನೀಟಾಗಿ ಕೂತಿದ್ದವು. ನನ್ನ ಎದುರಿಗೆ ಅಜ್ಜ, ಅಜ್ಜಿ ಸಾಕ್ಸಿನಲ್ಲಿ ನಿಂತಿದ್ದರು. ಅನ್ವಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ವಿವರಿಸುತ್ತಿದ್ದಳು: "ಆ್ಯಂಡ್ ದಿಸ್ ಈಸ್ ಅಪ್ಪ. ಫ್ರಮ್ ಮೈಸೂರು. ವೆರಿ ಓಲ್ಡ್." ನಿಹಾರನ ಬೆರಳು ನನ್ನ ಮೂಗಿನ ಕಡೆಗೆ ನಿಧಾನವಾಗಿ ಬರುತ್ತಿತ್ತು.

ನಾನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅಲುಗಾಡದೆ ಬಿದ್ದುಕೊಂಡೆ. ಇಷ್ಟು ವರ್ಷಗಳ ಮೇಲೆ ನನ್ನ ಮಕ್ಕಳು ಒಂದು ಪ್ರಾಚೀನ ವಸ್ತುವಿನ ಮುಂದೆ ಶ್ರದ್ಧೆಯಿಂದ ನಿಂತಿದ್ದರು. ಎದ್ದು ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.