ಸುಧೀಂದ್ರನ ದೋಣಿ ನೀರಿಗಿಳಿದದ್ದು

ತಾಪತ್ರಯಕ್ಕೆಲ್ಲ ಕಾರಣ ದೋಣಿಯಲ್ಲ, ದೋಣಿಯ ಜೊತೆ ಬಂದ ಪುಸ್ತಿಕೆ. ಗಾಳಿ ತುಂಬಿದರೆ ದೋಣಿ, ಬಿಟ್ಟರೆ ಹಾಸಿಗೆ ಸುರುಳಿಯಾಗುವ ಆ ಕೆನೋವನ್ನು ವಿಜಯನಗರದ ಸುಧೀಂದ್ರ ತರಿಸಿದ್ದು ಒಂದೇ ಆಸೆಗೆ. ನೀರಿನ ನಡುವೆ ಅಂಗಾತ ಮಲಗಿ, ಯಾರ ಮಾತೂ ಕೇಳಿಸಿಕೊಳ್ಳದೆ, ಮೋಡ ನೋಡುತ್ತ ಒಂದು ಗಂಟೆ ತೇಲಬೇಕು. ಇಪ್ಪತ್ತೆರಡು ವರ್ಷ ಕಚೇರಿಯ ಟಪಾಲು ವಿಭಾಗದಲ್ಲಿ ಕೂತವನಿಗೆ ಅಷ್ಟೂ ಬೇಡವೇ?

ಪುಸ್ತಿಕೆ ಮಾತ್ರ 'ದಡದವರನ್ನು ಕೇಳದೆ ನೀರಿಗೆ ಇಳಿಯಬೇಡಿ' ಎಂದಿತ್ತು. ಬೇರೆಯವರಾಗಿದ್ದರೆ ಓದಿ ಎಸೆಯುತ್ತಿದ್ದರು. ಸುಧೀಂದ್ರ ಸುತ್ತೋಲೆಗಳನ್ನು ಓದಿ ಪಾಲಿಸಿ ಹಣ್ಣಾದ ಜೀವ.

"ಮುಳುಗೋ ಹಾಗಾದ್ರೆ ಫೋನ್ ಮಾಡಿ," ಎಂದು ಹೆಂಡತಿ ಶಶಿಕಲಾ ಮೊಸರನ್ನದ ಡಬ್ಬಿ ಕೊಟ್ಟಳು.

ಭಾನುವಾರ ಮುಂಜಾನೆ ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ, ಕೆಂಗೇರಿಯಲ್ಲಿ ಇಳಿದು, ಸುರುಳಿ ಹೊತ್ತು ಕೆರೆ ಸೇರಿದ. ಕೆರೆ ಇನ್ನೂ ಮಂಜು ಹೊದ್ದು ಮಲಗಿತ್ತು. ಎಲ್ಲೋ ಒಂದು ಬೆಳ್ಳಕ್ಕಿ ರೆಕ್ಕೆ ಬಿಚ್ಚಿ, ಮನಸ್ಸು ಬದಲಿಸಿ ಮತ್ತೆ ಮಡಚಿತು. ಸುಧೀಂದ್ರನ ಎದೆ ತುಂಬಿ ಬಂತು.

ಅಷ್ಟರಲ್ಲಿ ವಾಕಿಂಗ್ ಸಂಘದ ಕಾರ್ಯದರ್ಶಿ ರುದ್ರೇಶ ಕೈಬೀಸುತ್ತ ಬಂದ.

"ದೋಣಿ ಇಳಿಸ್ಬಹುದಾ ಸಾರ್?" ಸುಧೀಂದ್ರ ವಿನಯದಿಂದ ಕೇಳಿದ.

ಕೇಳಿದ್ದೇ ತಪ್ಪಾಯಿತು. ಬೇಡ ಎನ್ನುವ ಅಧಿಕಾರ ತನಗಿದೆ ಎಂಬುದು ರುದ್ರೇಶನಿಗೆ ಹೊಳೆದದ್ದೇ ಆಗ.

"ವಾಕಿಂಗ್ ಟೈಮಲ್ಲಿ ಡಿಸ್ಟರ್ಬ್ ಆಗತ್ತೆ ಸಾರ್. ಹತ್ತು ಗಂಟೆ ಆಗ್ಲಿ."

ಹತ್ತಾಯಿತು. ಮೀನು ಹಿಡಿಯುವ ಚಿಕ್ಕಣ್ಣ ದಡದಲ್ಲಿ ಬೀಡಿ ಸೇದುತ್ತಿದ್ದ. ಸುಧೀಂದ್ರ ಅವನನ್ನೂ ಕೇಳಿದ.

"ಬಲೆ ಬಿಟ್ಟಿದೀನಿ ಸಾಮಿ, ಮೀನು ಬೆದರ್ತವೆ. ಮೂರು ಗಂಟೆಗೆ ಎತ್ತೀನಿ, ಆಮೇಲೆ ಬನ್ನಿ."

ಸುಧೀಂದ್ರ ಕಾದದ್ದಲ್ಲದೆ ಬಲೆ ಎಳೆಯಲು ಕೈಯನ್ನೂ ಕೊಟ್ಟ. ಅಂಗಿ ತುಂಬ ಮೀನಿನ ವಾಸನೆ ಹೊತ್ತು ದೋಣಿ ಇಳಿಸಲು ಹೊರಟರೆ, ಅದಕ್ಕೆ ಇದ್ದದ್ದು ಒಂದೇ ದಾರಿ, ಅದೂ ಪಾಪಮ್ಮನ ಸೊಪ್ಪಿನ ಮಡಿಯ ಪಕ್ಕ. ಹಳೇ ಊರಿನ ಗೌಡರ ಮನೆಯ ಆ ಮುದುಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಮ್ಮ ಮಾವನ ಕಾಲದಿಂದ ಈ ದಾರೀಲಿ ಎಮ್ಮೆ ಇಳಿದದೆ, ದೋಣಿ ಇಳಿದಿಲ್ಲ. ಎಲ್ಲಾರ್ನೂ ಕೇಳ್ದಂತೆ, ಗಂಗಮ್ಮನ್ನ ಕೇಳಿದ್ಯೇನಪ್ಪ?"

ಪುಸ್ತಿಕೆಯಲ್ಲಿ ಗಂಗಮ್ಮನ ಮಾತೇ ಇರಲಿಲ್ಲ. ಆದರೆ ಸುಧೀಂದ್ರನಿಗೆ ಜೀವನದಲ್ಲಿ ಮೊದಲ ಸಲ ಬುದ್ಧಿ ಚುರುಕಾಯಿತು. ಸ್ಕೂಟರಿಗೂ ಪೂಜೆ ಮಾಡುವ ಊರಿದು!

"ಪೂಜೆ ಮಾಡ್ಸೇಬಿಡೋಣ ಅಜ್ಜಿ. ನೀವೇ ಮುಂದೆ ನಿಂತು ಮಾಡಿ."

ಪಾಪಮ್ಮನ ಮುಖ ಅರಳಿತು. ಅವನು ಗಾಳಿ ತುಂಬಿ ದೋಣಿಯನ್ನು ದಡದ ನೀರಿಗೆ ಬಿಡುವಷ್ಟರಲ್ಲಿ ಚೆಂಡು ಹೂವಿನ ಹಾರ ಬಂತು, ನಿಂಬೆಹಣ್ಣು ಬಂತು. ಸಂಜೆಯ ವಾಕಿಂಗಿಗೆ ಬಂದಿದ್ದ ರುದ್ರೇಶ ತೆಂಗಿನಕಾಯಿ ಹಿಡಿದು ತಂಡವನ್ನೇ ಕರೆತಂದ. ಪಾಪಮ್ಮ ಕೆರೆಯ ನೀರನ್ನೇ ಕಳಶಕ್ಕೆ ತುಂಬಿ, ಗಂಗಮ್ಮನನ್ನು ಕರೆದು, ದೋಣಿಯ ನಡುವೆ ಕೂರಿಸಿ ಪಕ್ಕದಲ್ಲಿ ಹಣತೆ ಹಚ್ಚಿದಳು.

"ಎಲ್ಲಿಗೆ ಬೇಕಾದ್ರೂ ಹೋಗ್ಲಿ. ಅಡ್ಡ ಆಗೋದಾದ್ರೆ ಇನ್ಮೇಲೆ ಬಲೇನೇ ಬಿಡಲ್ಲ," ಎಂದ ಚಿಕ್ಕಣ್ಣ.

ಸುಧೀಂದ್ರ ಆನಂದದಿಂದ ಪ್ಯಾಂಟು ಮಡಚಿ ಒಂದು ಕಾಲೆತ್ತಿದ.

"ಅಯ್ಯಯ್ಯೋ!" ಪಾಪಮ್ಮ ಕಿರುಚಿದಳು. "ಅಮ್ಮ ಕೂತವಳೆ, ಕಾಲಿಡ್ತೀಯಾ?"

"ಮತ್ತೆ ನಾನು?"

"ನೀನು ಇಲ್ಲೇ ನಿಂತು ಕೈ ಮುಗಿ."

ಚಿಕ್ಕಣ್ಣ ಉದ್ದನೆಯ ಹಗ್ಗ ಕಟ್ಟಿ ದೋಣಿಯನ್ನು ಮೆಲ್ಲಗೆ ನೂಕಿದ. ಕಿತ್ತಳೆ ಬಣ್ಣದ ನೀರಿನ ಮೇಲೆ ಹಣತೆ ಹೊತ್ತ ದೋಣಿ ಯಾರ ಮಾತೂ ಕೇಳಿಸಿಕೊಳ್ಳದೆ, ಮೋಡಗಳ ನೆರಳಿನೊಳಗೆ ತೇಲುತ್ತ ಹೋಯಿತು. ಅಷ್ಟು ಚೆಂದದ್ದನ್ನು ಸುಧೀಂದ್ರ ಕನಸಿನಲ್ಲೂ ಕಂಡಿರಲಿಲ್ಲ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

"ಸೂಪರ್ ಐಡಿಯಾ ಸಾರ್ ನಿಮ್ದು!" ರುದ್ರೇಶ ಬೆನ್ನು ತಟ್ಟಿದ. "ಇನ್ಮೇಲೆ ಪ್ರತಿ ಭಾನುವಾರ ತೆಪ್ಪೋತ್ಸವ. ಗಾಳಿ ತುಂಬೋ ಸೇವೆ ನಿಮ್ಮದೇ. ಐದು ಗಂಟೆಗೆ ಬಂದ್ಬಿಡಿ."

"ಬರ್ತೀನಿ ಸಾರ್. ಆದ್ರೆ... ನಾನು ಇನ್ನೊಂದು ದೋಣಿ ತಂದು, ಮೂಲೇಲೆಲ್ಲಾದ್ರೂ..."

ರುದ್ರೇಶ ಗಂಭೀರನಾದ. "ಅದು ಮಾತ್ರ ಆಗಲ್ಲ ಸಾರ್. ಅಮ್ಮನೋರು ತೇಲೋ ಕೆರೇಲಿ ಬೇರೆಯವ್ರ ದೋಣಿ ಅಂದ್ರೆ ತಪ್ಪಾಗತ್ತೆ. 'ದೋಣಿ ಇಳಿಸಬಾರದು' ಅಂತ ನಾಳೆನೇ ಬೋರ್ಡ್ ಹಾಕಿಸ್ತಾ ಇದೀವಿ. ಕೆಳಗೆ ನಿಮ್ಮ ಹೆಸರೇ ಬರೆಸ್ಬಹುದಾ?"

ಕೇಳಿಯೇ ಮಾಡುವವರಿಗೆ ಇಲ್ಲ ಎನ್ನಲು ಸುಧೀಂದ್ರನಿಗೆ ಬಾಯಿ ಬರಲಿಲ್ಲ.